ಊರ ವರ್ತಮಾನ

17 ನವೆಂಬರ್ 2024, ಭಾನುವಾರ

ಇವತ್ತು ಅಂಗಡಿಗೆ ರಜೆ. ಆದರೂ ಬೆಳಿಗ್ಗೆ ಶಟರ್ ಅರ್ಧ ಎತ್ತಿ ಒಳಗೆ ಕೂತೆ. ಊರವರಿಗೆಲ್ಲ ಮಾಹಿತಿ ಹಕ್ಕಿನ ಅರ್ಜಿ ಟೈಪ್ ಮಾಡಿಕೊಟ್ಟವನು, ಇವತ್ತು ಮೊದಲ ಸಲ ನನ್ನ ಹೆಸರಲ್ಲೇ ಒಂದು ಟೈಪ್ ಮಾಡಿದೆ.

ಪಂಚಾಯಿತಿ ಆಫೀಸಿನ ಎದುರು ಜೆರಾಕ್ಸ್ ಅಂಗಡಿ ಇಟ್ಟು ಹನ್ನೊಂದು ವರ್ಷ ಆಯಿತು. ಜಾಬ್ ಕಾರ್ಡು, ಇ-ಸ್ವತ್ತಿನ ಫಾರಂ 9, ಫಾರಂ 11, ಅಣ್ಣನ ಮೇಲೆ ತಮ್ಮ ಕೊಟ್ಟ ದೂರು, ಎಲ್ಲವೂ ಈ ಗಾಜಿನ ಮೇಲೆ ಒಂದು ಸಲ ಮಲಗಿ ಎದ್ದು ಹೋಗಿವೆ. 2020ರ ಡಿಸೆಂಬರ್ ಚುನಾವಣೆಗೆ ಎದುರಾಳಿಗಳಿಬ್ಬರ ಕರಪತ್ರವನ್ನೂ ನಾನೇ ಮಾಡಿಕೊಟ್ಟಿದ್ದೆ. ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆ ಇಲ್ಲ, ಹಾಗಾಗಿ ಒಬ್ಬರಿಗೆ ಆಟೋ, ಇನ್ನೊಬ್ಬರಿಗೆ ಹೊಲಿಗೆ ಯಂತ್ರ. ಯಾರು ಯಾವ ಪಕ್ಷದವರು ಅಂತ ಊರಿನ ಚಿಕ್ಕ ಮಕ್ಕಳಿಗೂ ಗೊತ್ತು, ಅದು ಬೇರೆ ಮಾತು.

ಇಷ್ಟೆಲ್ಲ ನಡೆಯುವ ಊರು ಪೇಪರಿನಲ್ಲಿ ಬರುವುದು ವರ್ಷಕ್ಕೆ ಎರಡು ಸಲ. ಜಾತ್ರೆ ಆದಾಗ ಒಂದು, ಹೆದ್ದಾರಿಯಲ್ಲಿ ಯಾರಾದರೂ ಸತ್ತಾಗ ಒಂದು. 1843ರಲ್ಲಿ ಮಂಗಳೂರಿನಲ್ಲಿ ಮೋಗ್ಲಿಂಗ್ ಪಾದ್ರಿ ‘ಮಂಗಳೂರ ಸಮಾಚಾರ’ ಶುರು ಮಾಡಿದಾಗ ಅದರಲ್ಲಿ ‘ಊರ ವರ್ತಮಾನ’ ಅಂತಲೇ ಒಂದು ಭಾಗ ಇತ್ತು. ಅಷ್ಟು ಹಳೇ ಹೆಸರು ಸುಮ್ನೆ ಬಿದ್ದಿದೆ ಅಲ್ವಾ? ನಾನು ಎತ್ತಿಕೊಂಡೆ. ಇವತ್ತಿನಿಂದ ಊರಿನ ಸುದ್ದಿ ಬರೆಯುತ್ತೇನೆ.

ಇದೆಲ್ಲ ತಲೆಗೆ ಹತ್ತಿದ್ದು ಮೊನ್ನೆ ಗುರುವಾರದ ಗ್ರಾಮಸಭೆಯಿಂದ. ಮೈಕ್ ಮಕ್ಕಳ ದಿನಾಚರಣೆಗೆ ಶಾಲೆಗೆ ಹೋಗಿತ್ತು. ಹಿಂದಿನ ಸಾಲಿನವರಿಗೆ ಒಂದು ಮಾತೂ ಕೇಳಲಿಲ್ಲ, ಹಿಂದಿನ ಸಾಲಿನವರೇ ಜಾಸ್ತಿ. ತಲೆ ಎಣಿಸಿದೆ. ಮೂವತ್ತೊಂದು, ಟೀ ತಂದ ಹುಡುಗನೂ ಸೇರಿ. ಕೋರಂಗೆ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿಗೆ, ಮತದಾರರಲ್ಲಿ ಹತ್ತರಲ್ಲಿ ಒಬ್ಬರು ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು ಇರಬೇಕು. ಸಂಜೆ ಹಾಜರಿ ಪುಸ್ತಕ ಮೆರವಣಿಗೆ ಹೊರಟಿತು. ಹೋಟೆಲು, ಡೇರಿ, ಸಲೂನು ಮುಗಿಸಿ ನನ್ನ ಅಂಗಡಿಗೂ ಬಂತು.

‘ಅಣ್ಣ, ನಿಮ್ಮದು ಆಗಿದೆ. ಅಕ್ಕನ ಸೈನೂ ಹಾಕಿಬಿಡಿ, ಹೆಂಗಸರದ್ದು ಕಮ್ಮಿ ಬಿದ್ದಿದೆ.’

ನನ್ನ ಹೆಂಡತಿ ಅವತ್ತು ಊರಲ್ಲೇ ಇರಲಿಲ್ಲ. ನಾನು ಹಾಕಲಿಲ್ಲ. ಹಾಗಂತ ಜೋರಾಗಿ ಏನೂ ಕೇಳಲೂ ಇಲ್ಲ. ‘ಪೆನ್ನಲ್ಲಿ ಇಂಕಿಲ್ಲ, ಹೋಗಪ್ಪ’ ಅಂದೆ. ಪೆನ್ನು, ರೀಫಿಲ್ಲು ಮಾರುವ ಅಂಗಡಿಯವನು ಹೇಳುವ ಮಾತಾ ಅದು!

ಆ ಸಭೆಯಲ್ಲಿ ಒಬ್ಬರು ಅಜ್ಜಿ ಮಾತ್ರ ಎದ್ದು ನಿಂತು ಕೇಳಿದ್ದರು, ‘ನೀರಿನ ಮಿಷನ್ ಯಾವತ್ತು ಓಡುತ್ತೆ?’ ಅಂತ. ಬಸ್ ಸ್ಟಾಂಡಿನ ಪಕ್ಕದ ಶುದ್ಧ ನೀರಿನ ಘಟಕ ನಿಂತು ನಾಲ್ಕು ತಿಂಗಳು. ಐದು ರೂಪಾಯಿ ಕಾಯಿನ್ ಹಾಕಿದರೆ ನುಂಗುತ್ತದೆ, ನೀರು ಬಿಡುವುದಿಲ್ಲ. ‘ಅನುದಾನ ಬಂದಿಲ್ಲ’ ಅಂತ ಉತ್ತರ ಬಂತು. ಕೇಂದ್ರದಿಂದ ಪಂಚಾಯಿತಿಗೆ ಬರುವ 15ನೇ ಹಣಕಾಸು ಆಯೋಗದ ದುಡ್ಡಿನಲ್ಲಿ ನೂರಕ್ಕೆ 60 ಭಾಗ ಕುಡಿಯುವ ನೀರಿಗೂ ನೈರ್ಮಲ್ಯಕ್ಕೂ ಮೀಸಲು. ಹಾಗಾದರೆ ಅದು ನಿಜವಾಗಿಯೂ ಬಂದಿಲ್ಲವೋ, ಬಂದು ಬೇರೆ ಕಡೆ ಹೋಯಿತೋ? ಮೇಲೆ ಹೋಗಿ ಕೇಳೋಣ ಅಂದರೆ ಮೇಲೆ ಯಾರಿದ್ದಾರೆ? ತಾಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿಯಿತು, ಇವತ್ತಿನವರೆಗೂ ಚುನಾವಣೆ ಇಲ್ಲ.

ಇಲ್ಲಿ ನನಗೊಂದು ಪೇಚಿದೆ. ರಿಪೇರಿಗೆ ಸಂಬಂಧಪಟ್ಟ ಒಂದು ಕಾಗದ ಈ ಗಾಜಿನ ಮೇಲೇ ನೋಡಿದ ನೆನಪು. ಬರೆದರೆ ಊರೆಲ್ಲ ಓದುತ್ತದೆ. ಆದರೆ ನಾಳೆಯಿಂದ ಯಾರು ನಂಬಿ ನನ್ನ ಹತ್ತಿರ ಕಾಗದ ಕೊಡುತ್ತಾರೆ? ವಿಧವಾ ವೇತನದ ಅರ್ಜಿ ತಂದ ಹೆಂಗಸು, ವಿಭಾಗ ಪತ್ರ ತಂದ ಮುದುಕ, ಅವರೂ ಇದೇ ಮಷೀನಿಗೆ ಬರುವವರು. ಹಾಗಾಗಿ ಗಾಜಿನ ಮೇಲೆ ಕಂಡದ್ದು ಬರೆಯುವಂತಿಲ್ಲ. ಬೇಕಾದದ್ದನ್ನು ಎದುರಿನ ಆಫೀಸಿನಲ್ಲೇ ಕೇಳಿ ಪಡೆಯಬೇಕು, ಎಲ್ಲರ ಹಾಗೆ.

ಅದಕ್ಕೇ ಅರ್ಜಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದೇ ವಿಷಯ, 150 ಪದ. ಮೊದಲ ಸಲ 171 ಬಂತು. ‘ಗೌರವಪೂರ್ವಕವಾಗಿ ವಿನಂತಿಸಿಕೊಳ್ಳುವುದೇನೆಂದರೆ’ ತರಹದ್ದೆಲ್ಲ ತೆಗೆದೆ. ಬೇರೆಯವರಿಗೆ ಟೈಪ್ ಮಾಡುವಾಗ ಈ ಸಾಲುಗಳನ್ನು ನಾನೇ ಸೇರಿಸುತ್ತಿದ್ದೆ! ಕೊನೆಗೆ 146ಕ್ಕೆ ನಿಂತಿತು. ಕೇಳಿದ್ದು ಇಷ್ಟೇ: ಈ ಎರಡು ವರ್ಷದಲ್ಲಿ ಘಟಕದ ರಿಪೇರಿಗೆ ಆದ ಖರ್ಚಿನ ಬಿಲ್ಲುಗಳ ಪ್ರತಿ ಕೊಡಿ. ನಾಳೆ ಕನಕ ಜಯಂತಿ. ಪೋಸ್ಟಾಫೀಸು ಇರುತ್ತದೆ, ಪಂಚಾಯಿತಿ ಇರುವುದಿಲ್ಲ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ನಾಳೆ ತಂದಿಟ್ಟುಕೊಂಡು ಮಂಗಳವಾರ ಕೊಡುತ್ತೇನೆ. ಉತ್ತರ ಕೊಡಲು ಅವರಿಗೆ 30 ದಿನ, ಅಂದರೆ ಡಿಸೆಂಬರ್ 19.

ವಿಷಯ ಆಗಲೇ ಹೇಗೋ ಸೋರಿದೆ. ಹೆಂಡತಿಯ ಮೇಲೇ ಅನುಮಾನ. ಯಾಕೆಂದರೆ ನಮ್ಮ ವಾರ್ಡಿನ ಮೆಂಬರು ಅವಳ ತಮ್ಮ. ಸಂಜೆ ಮನೆಗೆ ಬಂದ, ಜಗಲಿ ಮೇಲೆ ಕೂತ.

‘ಏನ್ ಭಾವ, ನಮ್ಮ ಮೇಲೇ ಅರ್ಜಿ ಹಾಕ್ತೀರಂತೆ?’

‘ನಿನ್ನ ಮೇಲಲ್ಲ ಮಾರಾಯ, ಮಿಷನ್ ಮೇಲೆ.’

‘ಮಿಷನ್‌ಗೆ ಓಟು ಹಾಕಿದ್ರಾ ನೀವು?’

ಉತ್ತರ ಹೊಳೆಯಲಿಲ್ಲ. ಕಾಫಿ ಕುಡಿದೆವು. ಅಕ್ಕ ಕೊಟ್ಟ ಚಕ್ಕುಲಿ ತಿಂದ, ಮಗಳ ಶಾಲೆ ವಿಚಾರಿಸಿದ, ಅರ್ಜಿಯ ಮಾತು ಮತ್ತೆ ಎತ್ತಲಿಲ್ಲ. ಹೊರಡುವಾಗ ನೋಡಿದರೆ ಅವನ ಬೈಕಿನ ಹಿಂದೆ ಇಪ್ಪತ್ತು ಲೀಟರಿನ ಖಾಲಿ ಕ್ಯಾನು. ಪಕ್ಕದೂರಿನ ಘಟಕಕ್ಕೆ ನೀರಿಗೆ ಹೊರಟಿದ್ದ. ನಾನು ನೋಡಿದ್ದು ಅವನಿಗೂ ಗೊತ್ತಾಯಿತು. ಏನೂ ಹೇಳದೆ ಒಳಗೆ ಹೋಗಿ, ನಮ್ಮ ಕ್ಯಾನನ್ನೂ ತಂದು ಹಗ್ಗ ಬಿಗಿದುಕೊಂಡು ಹೋದ.