ಕಲಪಾನದ ಕಪ್ಪು ಬಯಲಿನಲ್ಲಿ

ಹವಾಯಿಯ ದೊಡ್ಡ ದ್ವೀಪದ ಆಗ್ನೇಯ ಕರಾವಳಿಯಲ್ಲಿ ಕಲಪಾನ ಎಂಬ ಊರಿತ್ತು. 1990ರಲ್ಲಿ ಕಿಲಾವಿಯಾ ಜ್ವಾಲಾಮುಖಿಯಿಂದ ಹರಿದು ಬಂದ ಲಾವಾ ಆ ಊರಿನ ಬಹುಭಾಗವನ್ನೂ ಪಕ್ಕದ ಕೈಮೂ ಎಂಬ ಕಪ್ಪು ಮರಳಿನ ಕಡಲತೀರವನ್ನೂ ಮುಚ್ಚಿಹಾಕಿತು. ಡಾಂಬರು ರಸ್ತೆ ನೇರವಾಗಿ ಹೋಗಿ ಬಂಡೆಯ ಅಡಿಯಲ್ಲಿ ಮಾಯವಾಗುತ್ತದೆ. 2017ರಲ್ಲಿ ಅಣ್ಣ, ಅತ್ತಿಗೆ, ಭೂವಿಜ್ಞಾನ ಕಲಿಸುವ ಅಣ್ಣನ ಸ್ನೇಹಿತರು ಮತ್ತು ನಾನು ಹರಿಯುವ ಲಾವಾ ನೋಡಲು ನಡೆದು ಹೊರಟದ್ದು ಆ ಪ್ರದೇಶದಿಂದಲೇ.

ಕಿಲಾವಿಯಾದ ಪೂರ್ವ ಪಕ್ಕದಲ್ಲಿರುವ ಪುಉ ಓಓ ಎಂಬ ಬಾಯಿ 1983ರಲ್ಲಿ ತೆರೆದುಕೊಂಡದ್ದು ಆಗಲೂ ಉಕ್ಕುತ್ತಲೇ ಇತ್ತು. 2016ರ ಮೇ ತಿಂಗಳಲ್ಲಿ ಅದರ ಪಕ್ಕೆ ಒಡೆದು ಹೊಸ ಹರಿವೊಂದು ಹೊರಟು, ಜುಲೈ ಕೊನೆಗೆ ಸಮುದ್ರ ಸೇರಿತ್ತು. ಬಂದವರಲ್ಲಿ ಹೆಚ್ಚಿನವರು ಜಲ್ಲಿ ರಸ್ತೆಯಲ್ಲಿ ನಡೆದೋ ಸೈಕಲ್ ತುಳಿದೋ ಕಡಲಂಚಿಗೆ ಹೋಗುತ್ತಿದ್ದರು. ಅಲ್ಲಿ ಏಳುತ್ತಿದ್ದ ಬಿಳಿ ಮೋಡ ದೂರದಿಂದಲೇ ಕಾಣುತ್ತಿತ್ತು. ಅದನ್ನು ಬರಿಯ ಹಬೆ ಎಂದುಕೊಳ್ಳಬಾರದು: ಕುದಿದ ಸಮುದ್ರದ ನೀರಿನಿಂದ ಹುಟ್ಟಿದ ಹೈಡ್ರೋಕ್ಲೋರಿಕ್ ಆಮ್ಲವೂ ಗಾಜಿನ ಸೂಕ್ಷ್ಮ ಕಣಗಳೂ ಅದರಲ್ಲಿರುತ್ತವೆ. ಅಂಚಿನ ಹೊಸ ನೆಲವನ್ನೂ ನಂಬುವಂತಿಲ್ಲ. 2016ರ ಡಿಸೆಂಬರ್ 31ರಂದು ಅಂಥ ನೆಲ ಇಪ್ಪತ್ತು ಎಕರೆಗೂ ಹೆಚ್ಚು ಕುಸಿದು ಸಮುದ್ರಕ್ಕೆ ಬಿದ್ದಿತ್ತು. ನಮ್ಮ ಮಾರ್ಗದರ್ಶಿ, ಆ ಊರಲ್ಲೇ ಹುಟ್ಟಿ ಬೆಳೆದ ನಡುವಯಸ್ಸಿನ ಹೆಂಗಸು, ಕಡಲ ಕಡೆಗೆ ಕೈ ತೋರಿಸಿ, "ಅದು ದೂರದಿಂದ ನೋಡುವುದು. ನಾವು ಒಳಗಿನ ಬಯಲಿಗೆ ಹೋಗೋಣ, ಅಲ್ಲಿ ಲಾವಾ ನಿಧಾನವಾಗಿ ಬರುತ್ತಿದೆ" ಎಂದರು.

ಉದ್ದನೆಯ ಪ್ಯಾಂಟು, ದಪ್ಪ ಅಟ್ಟೆಯ ಬೂಟು, ಕೈಗವಸು, ತಲೆಗೆ ಕಟ್ಟುವ ದೀಪ, ಸಾಲದೆಂದು ಪದೇ ಪದೇ ಅನ್ನಿಸುವಷ್ಟು ನೀರು. ಕೈಗವಸು ಯಾಕೆಂದು ನಡೆಯಲು ತೊಡಗಿದ ಸ್ವಲ್ಪ ಹೊತ್ತಿಗೇ ತಿಳಿಯಿತು. ಅತ್ತಿಗೆ ಒಮ್ಮೆ ಎಡವಿ ಕೈಯೂರಿದಾಗ ಗವಸಿನ ಅಂಗೈಯಲ್ಲಿ ಗೀರುಗಳು ಮೂಡಿದ್ದವು. ಈ ಬಂಡೆಯ ಮೇಲ್ಪದರ ನಿಜಕ್ಕೂ ಗಾಜೇ; ಕರಗಿದ ಕಲ್ಲು ಗಾಳಿಗೆ ತಾಗಿದೊಡನೆ ಹರಳುಗಟ್ಟಲು ಪುರುಸೊತ್ತಿಲ್ಲದೆ ಗಟ್ಟಿಯಾಗುವುದರಿಂದ ಹಾಗಾಗುತ್ತದೆ. ಹಳೆಯ ಹರಿವುಗಳ ಬಿರುಕಿನಲ್ಲಿ ಜರೀಗಿಡಗಳೂ ಅಲ್ಲೊಂದು ಇಲ್ಲೊಂದು ಓಹಿಯ ಎಂಬ ಅಲ್ಲಿನ ಮರದ ಸಸಿಯೂ ಇದ್ದವು. ಮುಂದೆ ಹೋದಂತೆ ಹಸಿರು ನಿಂತುಹೋಗಿ ಕಪ್ಪು ಬಂಡೆಯ ಮೇಲೆ ಬೆಳ್ಳಿಯ ಮಿರುಗು ಕಾಣತೊಡಗಿತು. "ಮಿರುಗುತ್ತಿದ್ದರೆ ಹೊಸದು ಎಂದರ್ಥ" ಎಂದರು ಮೇಷ್ಟ್ರು. ಅಣ್ಣನ ಸ್ನೇಹಿತರನ್ನು ನಾವೆಲ್ಲ ಕರೆಯುವುದು ಹಾಗೆಯೇ.

ದಾರಿಯಲ್ಲಿ ಆಳೆತ್ತರಕ್ಕೆ ಉಬ್ಬಿ, ನೆತ್ತಿಯಲ್ಲಿ ಸೀಳಿದ್ದ ದಿಬ್ಬವೊಂದು ಸಿಕ್ಕಿತು. ಅದು ಅಷ್ಟು ಎತ್ತರದ ಅಲೆಯಾಗಿ ಬಂದು ನಿಂತಿರಬೇಕು ಎಂದು ನಾನು ಹೇಳಿದೆ. ಮೇಷ್ಟ್ರು ತಲೆಯಾಡಿಸಿ, ಈ ಬಗೆಯ ಲಾವಾ ಬರುವಾಗ ಗೇಣುದ್ದವಷ್ಟೇ ದಪ್ಪ ಇರುತ್ತದೆ, ಮೇಲೆ ಪೊರೆ ಕಟ್ಟಿದ ಮೇಲೂ ಅಡಿಯಿಂದ ಹೊಸ ಲಾವಾ ಒಳಸೇರುತ್ತಲೇ ಇರುತ್ತದೆ, ಇಡೀ ನೆಲವೇ ಒಳಗಿನಿಂದ ಮೇಲೇಳುತ್ತದೆ ಎಂದು ವಿವರಿಸಿದರು. ನಿಂತ ಹಾಗೆ ಕಾಣುವ ನೆಲ ಅಡಿಯಲ್ಲಿ ಹರಿಯುತ್ತಿರಬಹುದು. ಅದಕ್ಕೇ ನಮ್ಮ ಮಾರ್ಗದರ್ಶಿ ಪ್ರತಿ ಬಿರುಕಿನ ಮುಂದೆ ಬಗ್ಗಿ, ಅಂಗೈ ಬಿಸಿಗೆ ಹಿಡಿದು ನೋಡಿ, ಆಮೇಲೆ ನಮಗೆ ಕಾಲಿಡಲು ಹೇಳುತ್ತಿದ್ದರು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂಬುದನ್ನು ಅವರು ಒಂದು ಗಳಿಗೆಯೂ ಮರೆಯಲಿಲ್ಲ. ಗಂಧಕದ ಅನಿಲ ಮುಖಕ್ಕೆ ಬರದಂತೆ ಸುತ್ತು ಹಾಕಿಸಿ ಕರೆದೊಯ್ದರು.

ಮೊದಲು ತಿಳಿದದ್ದು ಸದ್ದಿನಿಂದ. ಚಿಟ್, ಚಿಟ್ ಎಂದು ತೆಳ್ಳಗೆ ಏನೋ ಒಡೆಯುವ ಸದ್ದು, ಒಂದಲ್ಲ, ನೂರು ಕಡೆಯಿಂದ. ತಣಿಯುವ ಗಾಜಿನ ಪದರ ಚಕ್ಕೆ ಚಕ್ಕೆಯಾಗಿ ಸಿಡಿಯುತ್ತಿತ್ತು. ಆಮೇಲೆ ಮುಖಕ್ಕೆ ಶಾಖ ಬಡಿಯಿತು. ಆಮೇಲಷ್ಟೇ ಕಣ್ಣಿಗೆ ಬಿತ್ತು: ಬೂದುಬಣ್ಣದ ಹರವಿನ ಅಂಚಿನಲ್ಲಿ ಕಿತ್ತಳೆಯ ಒಂದು ಸೀಳು.

ನಮ್ಮಿಂದ ಕೆಲವೇ ಹೆಜ್ಜೆಯ ದೂರದಲ್ಲಿ ಒಂದು ಉಬ್ಬು. ಅದರ ಮೈ ಬೂದು ಬೆಳ್ಳಿ. ಒಳಗಿನ ಒತ್ತಡಕ್ಕೆ ಅದು ಹಿಗ್ಗುತ್ತಾ ಹಿಗ್ಗುತ್ತಾ ಬುಡದಲ್ಲಿ ಬಿರಿಯಿತು. ಬಿರಿದಲ್ಲಿಂದ ಹಳದಿಗೆ ಹತ್ತಿರದ ಉರಿಬಣ್ಣದ ನಾಲಿಗೆಯೊಂದು ಇಳಿದು ಬಂತು. ನೋಡುತ್ತಿದ್ದಂತೆ ಹಳದಿ ಕಿತ್ತಳೆಯಾಯಿತು, ಕಿತ್ತಳೆ ಕೆಂಪಾಯಿತು, ಕೆಂಪಿನ ಮೇಲೆ ತೆಳ್ಳನೆಯ ಪೊರೆ ಹರಡಿತು. ಒಳಗಿನದು ಮುಂದೆ ಎಳೆಯುವಾಗ ಆ ಪೊರೆ ಕಾದ ಹಾಲಿನ ಕೆನೆಯ ಹಾಗೆ ಮಡಿಕೆ ಮಡಿಕೆಯಾಗಿ ಸುಕ್ಕುಗಟ್ಟಿತು. ನಾವು ಇಷ್ಟು ದೂರ ತುಳಿದು ಬಂದ ಬಯಲಿನ ತುಂಬ ಹಗ್ಗ ಸುತ್ತಿಟ್ಟಂತೆ ಕಂಡಿದ್ದ ಗೆರೆಗಳೆಲ್ಲ ಹೀಗೆ, ಒಂದೊಂದಾಗಿ, ಯಾವುದೋ ಒಂದು ಸಂಜೆ ಮೂಡಿದವು ಎಂದು ಹೊಳೆದಾಗ ಮೈ ಜುಮ್ಮೆಂದಿತು. ಲಾವಾ ಎಂದರೆ ಬೆಂಕಿಯ ಪ್ರವಾಹ, ಓಡಿ ಪಾರಾಗಬೇಕಾದದ್ದು ಎಂದೇ ನಾನು ಅಂದುಕೊಂಡಿದ್ದೆ. ಈ ನಾಲಿಗೆ ನಡೆದದ್ದು ಮಗುವೂ ಹಿಂದೆ ಹಾಕಬಹುದಾದ ವೇಗದಲ್ಲಿ. ಆದರೆ ಅದು ನಿಲ್ಲಲಿಲ್ಲ. ಒಂದು ನಾಲಿಗೆ ತಣಿದರೆ ಪಕ್ಕದಲ್ಲಿ ಇನ್ನೊಂದು ಬಿರಿಯುತ್ತಿತ್ತು. ಹೊರಬರುವಾಗ ಸಾವಿರದ ನೂರು ಡಿಗ್ರಿ ಸೆಲ್ಸಿಯಸ್ಸಿಗೂ ಹೆಚ್ಚು ಕಾದ ಈ ಕಲ್ಲಿನ ಮುಂದೆ ಹೆಚ್ಚು ಹೊತ್ತು ಎದುರಾಗಿ ನಿಲ್ಲಲಾಗದು. ಮುಂದೆ ಹೋಗುವುದು, ಕೆನ್ನೆ ಸುಟ್ಟಂತಾಗಿ ಹಿಂದೆ ಸರಿಯುವುದು, ಮತ್ತೆ ಹೋಗುವುದು, ಇದೇ ಆಯಿತು ನಮಗೆ.

ಹನಿ ಮಳೆ ಬಂತು. ಹನಿಗಳು ಹೊಸ ಪೊರೆಗೆ ತಾಗಿದಲ್ಲೆಲ್ಲ ಹಬೆ ಎದ್ದಿತು. ಅಣ್ಣ ಕ್ಯಾಮೆರಾ ಚೀಲಕ್ಕೆ ಹಾಕಿ ಸುಮ್ಮನೆ ನಿಂತುಬಿಟ್ಟ. ಫೋಟೊದಲ್ಲಿ ಬಣ್ಣ ಸಿಗುತ್ತದೆ, ಆ ಶಾಖವಾಗಲಿ ಸದ್ದಾಗಲಿ ಸಿಗುವುದಿಲ್ಲ. ಅವನು ಮಾಡಿದ್ದೇ ಸರಿ.

ಮಾರ್ಗದರ್ಶಿ ಮಾತ್ರ ನಮ್ಮಿಂದ ಸ್ವಲ್ಪ ದೂರ ನಿಂತು ಕಣ್ಣುಮುಚ್ಚಿ ಏನನ್ನೋ ಹೇಳಿಕೊಂಡರು. ಹವಾಯಿಯ ಜನರಿಗೆ ಈ ಬೆಂಕಿ ಪೆಲೆ ದೇವಿ. ಅತ್ತಿಗೆ ಸಂಕೋಚದಿಂದಲೇ ಕೇಳಿದರು: "ನಿಮ್ಮ ಮನೆಯೂ ಹೋಯಿತೇ?" 1990ರಲ್ಲಿ ಅಜ್ಜಿಯ ಮನೆ ಹೋಯಿತು ಎಂದರು ಅವರು. ಲಾವಾ ಬರುವುದಕ್ಕೆ ದಿನಗಟ್ಟಲೆ ಹಿಡಿದಿದ್ದರಿಂದ ಪಾತ್ರೆ, ಹಾಸಿಗೆ, ಕಿಟಕಿ ಚೌಕಟ್ಟುಗಳವರೆಗೆ ಬಿಚ್ಚಿ ಸಾಗಿಸಿದರಂತೆ. ಕೊನೆಯ ದಿನ ಅಜ್ಜಿ ಮನೆ ಗುಡಿಸಿ ಹೊರಬಂದರಂತೆ, ಬರುವವಳು ದೇವಿಯಲ್ಲವೇ ಎಂದು. ಅದನ್ನು ಹೇಳುವಾಗ ಅವರ ದನಿಯಲ್ಲಿ ದೂರಿರಲಿಲ್ಲ, ನೋವಿತ್ತು. ನಾವು ಬೆರಗಾಗಿ ನೋಡುತ್ತಿದ್ದುದನ್ನು ಒಬ್ಬರು ಮನೆ ಕೊಟ್ಟು ನೋಡಿದ್ದಾರೆ ಎಂಬುದು ಆ ಹೊತ್ತಿನಿಂದ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಲಾವಾದ ಮುಂದೆ ಕೇಕೆ ಹಾಕುತ್ತ ಕಲ್ಲು ಎಸೆಯುವವರನ್ನು, ಕೋಲು ಚುಚ್ಚುವವರನ್ನು ವಿಡಿಯೊಗಳಲ್ಲಿ ಕಂಡಾಗ ಇಂದಿಗೂ ಸಿಟ್ಟು ಬರುತ್ತದೆ.

ಕತ್ತಲಾದ ಮೇಲೆ ಹಗಲಿನಲ್ಲಿ ಕಾಣದಿದ್ದ ಬಿರುಕುಗಳೆಲ್ಲ ಕೆಂಪಗೆ ತೋರಿದವು. ನಾವು ನಿಂತಿದ್ದ ಜಾಗದ ಪಕ್ಕದಲ್ಲೂ ಒಂದು. ಮಾರ್ಗದರ್ಶಿ ಆಗಲೇ ಹೊರಡಿಸಿದರು. ತಲೆದೀಪಗಳ ಬೆಳಕಿನಲ್ಲಿ ಒಬ್ಬರ ಹೆಜ್ಜೆಯ ಮೇಲೆ ಒಬ್ಬರು ಹೆಜ್ಜೆಯಿಟ್ಟು ಜಲ್ಲಿ ರಸ್ತೆ ಸೇರಿದೆವು.

ಮರುವರ್ಷ, 2018ರ ಏಪ್ರಿಲ್ ಕೊನೆಗೆ, ಪುಉ ಓಓದ ತಳ ಕುಸಿಯಿತು. ಅಲ್ಲಿಂದ ಬರುತ್ತಿದ್ದ ಲಾವಾ ನೆಲದಡಿಯಲ್ಲೇ ದಾರಿ ಬದಲಿಸಿ ಮೇ 3ರಂದು ಲೈಲಾನಿ ಬಡಾವಣೆಯ ಬೀದಿಗಳಲ್ಲಿ ಮೇಲೆದ್ದಿತು. ಆ ಬೇಸಿಗೆಯಲ್ಲಿ ಏಳುನೂರಕ್ಕೂ ಹೆಚ್ಚು ಮನೆಗಳು ಹೋದವು. ಕಾಪೋಹೊ ಕೊಲ್ಲಿ ಇಡಿಯಾಗಿ ತುಂಬಿಹೋಯಿತು. ನಾವು ನೋಡಿದ್ದ ಹರಿವು ನಿಂತೇಹೋಯಿತು. ಸುದ್ದಿ ಕೇಳಿದ ದಿನ ಅತ್ತಿಗೆ ಮಾರ್ಗದರ್ಶಿಗೆ ಫೋನ್ ಮಾಡಿದರು. ಕಲಪಾನದ ಕಡೆಗೆ ಲಾವಾ ಬಂದಿಲ್ಲ, ಲೈಲಾನಿಯಲ್ಲಿದ್ದ ತಂಗಿಯ ಸಂಸಾರ ಈಗ ನಮ್ಮ ಮನೆಯಲ್ಲೇ ಇದೆ, ಹೊಟ್ಟೆಗೆ ಬಟ್ಟೆಗೆ ತೊಂದರೆಯಿಲ್ಲ ಎಂದರಂತೆ. ಆಮೇಲೆ ಅವರೇ ಕೇಳಿದರಂತೆ, ನಿಮ್ಮ ಮೇಷ್ಟ್ರಿಗೆ ಈ ಹೊಸ ಹರಿವಿನ ಫೋಟೊ ಕಳಿಸಲೇ ಎಂದು.