ಮದುವೆ ಲೆಹೆಂಗಾ ನಾನೇ ಹೊಲಿಯಬೇಕು, ಯಾವ ಬಟ್ಟೆ ತಗೊಳ್ಳಲಿ?

ಹೊಲಿಗೆ ಬರುವ ಹುಡುಗಿಗೆ ಮದುವೆ ಗೊತ್ತಾದರೆ ನನಗೊಂದು ಫೋನ್ ಬರುತ್ತದೆ. "ಅಕ್ಕಾ, ರಿಸೆಪ್ಷನ್ ಲೆಹೆಂಗಾ ನಾನೇ ಹೊಲ್ಕೋತೀನಿ. ಯಾವ ಬಟ್ಟೆ ತಗೊಳ್ಳಲಿ?" ಬಣ್ಣ ಆಗಲೇ ಆರಿಸಿಯಾಗಿರುತ್ತದೆ. ನಾನು ತಿರುಗಿ ಕೇಳುವುದು ಒಂದೇ: ಕಲಿ ಲೆಹೆಂಗಾನಾ, ಅಂಬ್ರೆಲಾ ಕಟಿಂಗಾ? ಕಲಿ ಅಂದರೆ ಮೇಲೆ ಕಿರಿದು, ಕೆಳಗೆ ಅಗಲ ಇರುವ ಪಟ್ಟಿಗಳನ್ನು ಜೋಡಿಸಿ ಹೊಲಿಯುವುದು. ಅಂಬ್ರೆಲಾ ಅಂದರೆ ಬಟ್ಟೆಯನ್ನು ವೃತ್ತಾಕಾರವಾಗಿ ಕತ್ತರಿಸುವುದು. ಎರಡರಲ್ಲಿ ಯಾವುದು ಅಂತ ಗೊತ್ತಾಗದೆ ಬಟ್ಟೆ ಅಂಗಡಿ ಮೆಟ್ಟಿಲು ಹತ್ತಬೇಡಿ.

ಮೊದಲ ಸಲ ಹೊಲಿಯುವವರಿಗೆ ನನ್ನ ಉತ್ತರ ರಾ ಸಿಲ್ಕ್, 12 ಕಲಿ. ಈ ಬಟ್ಟೆಗೆ ಒಂದು ಬಿಗಿ ಇದೆ. ಕತ್ತರಿ ಇಟ್ಟರೆ ಜಾರುವುದಿಲ್ಲ, ಇಸ್ತ್ರಿ ಹಾಕಿದ ಮಡಿಕೆ ನಿಲ್ಲುತ್ತದೆ, ಒಳಗೆ ಕ್ಯಾನ್‌ಕ್ಯಾನ್ (ಉಬ್ಬಿಸಲು ಹಾಕುವ ಗಟ್ಟಿ ಬಲೆ ಬಟ್ಟೆ) ಇಲ್ಲದಿದ್ದರೂ ಘೇರು, ಅಂದರೆ ಕೆಳಗಿನ ಸುತ್ತು, ತಕ್ಕಮಟ್ಟಿಗೆ ಅರಳುತ್ತದೆ. ಕತ್ತರಿಸಿದ ಅಂಚು ಎಳೆ ಬಿಡುತ್ತದೆ ಅನ್ನುವುದೊಂದೇ ತಾಪತ್ರಯ. ಕತ್ತರಿಸಿದ ತಕ್ಷಣ ಜಿಗ್‌ಜಾಗ್ ಅಥವಾ ಓವರ್‌ಲಾಕ್ ಮಾಡಿಬಿಡಿ. ಸೂಜಿ 11ನೇ ನಂಬರ್ ಸಾಕು.

ಸ್ಯಾಟಿನ್ ಬೇಡವೇ ಬೇಡ. ಬಿಚ್ಚಿ ಮತ್ತೆ ಹೊಲಿದರೆ ಹಳೇ ಸೂಜಿ ತೂತು ಹಾಗೇ ಉಳಿಯುತ್ತದೆ. ಅದೂ ಅಲ್ಲದೆ ವಿಡಿಯೋದವರ ಲೈಟ್ ಬಿದ್ದರೆ ಹೊಲಿಗೆಯ ಒಂದೊಂದು ಸುಕ್ಕೂ ಎದ್ದು ಕಾಣುತ್ತದೆ. ವೆಲ್ವೆಟ್? ಮೇ ತಿಂಗಳ ಛತ್ರದಲ್ಲಿ ಅದನ್ನು ಹಾಕಿಕೊಂಡು ನಿಲ್ಲುವವರಿಗೆ ನನ್ನ ನಮಸ್ಕಾರ.

ಇನ್ನು ಎಷ್ಟು ಮೀಟರ್ ಅನ್ನುವುದು. ಬಟ್ಟೆ ದುಡ್ಡು ಹೋಗುವುದು ಅಥವಾ ಉಳಿಯುವುದು ಇಲ್ಲೇ. ಸೊಂಟ 30 ಇಂಚು, ಉದ್ದ 40 ಅಂದುಕೊಳ್ಳಿ. 12 ಕಲಿಯಲ್ಲಿ ಒಂದೊಂದು ಮೇಲೆ ಎರಡೂವರೆ ಇಂಚು, ಕೆಳಗೆ 12. ಎರಡೂ ಪಕ್ಕ ಹೊಲಿಗೆಗೆ ಅರ್ಧರ್ಧ ಇಂಚು ಬಿಟ್ಟರೆ ಮೇಲೆ ಮೂರೂವರೆ, ಕೆಳಗೆ 13. 44 ಇಂಚು ಪನ್ನದ (ಅಗಲದ) ಬಟ್ಟೆಯಲ್ಲಿ ಎಲ್ಲಾ ಕಲಿಯನ್ನೂ ಒಂದೇ ದಿಕ್ಕಿಗೆ ಇಟ್ಟರೆ ಒಂದು ಸಾಲಿಗೆ ಮೂರೇ ಹಿಡಿಯುತ್ತವೆ. ಒಂದನ್ನು ನೇರ, ಪಕ್ಕದ್ದನ್ನು ತಲೆಕೆಳಗು ಇಟ್ಟರೆ ನಾಲ್ಕು. ಅಂದರೆ ನಾಲ್ಕು ಸಾಲಿನ ಬದಲು ಮೂರು ಸಾಲು. ನಾಲ್ಕೂವರೆ ಮೀಟರ್ ಬೇಕಿದ್ದ ಕಡೆ ಮೂರೂವರೆ ಸಾಕು! ಕೆಳಗಿನ ಸುತ್ತಳತೆ ಎರಡರಲ್ಲೂ ಅದೇ 144 ಇಂಚು.

ಆದರೆ ಈ ಉಪಾಯ ಎಲ್ಲಾ ಬಟ್ಟೆಗೂ ನಡೆಯುವುದಿಲ್ಲ. ನವಿಲೋ ಮಾವೋ ನೇರವಾಗಿ ನಿಂತಿರುವ ಬುಟ್ಟಾ ಇದ್ದರೆ ಅರ್ಧ ನವಿಲು ಶೀರ್ಷಾಸನ ಹಾಕುತ್ತವೆ. ಕೆಲವು ಡಬಲ್ ಶೇಡ್ ಬಟ್ಟೆಯೂ ತಿರುಗಿಸಿದರೆ ಬೇರೆ ಬಣ್ಣ ತೋರಿಸುತ್ತದೆ. ಅಂಗಡಿಯಲ್ಲೇ ಬಟ್ಟೆಯ ಎರಡು ತುದಿ ಹಿಡಿದು, ಒಂದನ್ನು ತಲೆಕೆಳಗು ಮಾಡಿ, ಬಾಗಿಲ ಬೆಳಕಿನಲ್ಲಿ ಪಕ್ಕಪಕ್ಕ ಇಟ್ಟು ನೋಡಿ.

ಅಂಬ್ರೆಲಾ ಬೇಕೇ ಬೇಕು ಅನ್ನುವವರಿಗೆ ಇನ್ನೊಂದು ಲೆಕ್ಕ. ಅದೇ ಅಳತೆಗೆ ಸೊಂಟದ ವೃತ್ತದ ತ್ರಿಜ್ಯ ಸುಮಾರು 5 ಇಂಚು, ಉದ್ದ 40, ಒಟ್ಟು 45. ಇಷ್ಟೂ ಪನ್ನದೊಳಗೆ ಹಿಡಿಯಬೇಕು. ಬಟ್ಟೆ ಪನ್ನ 44! ಒಂದಿಂಚಿಗೆ ಕೊರತೆ. ಕೆಳಗೆ ಬೇರೆ ಬಾರ್ಡರ್ ಜೋಡಿಸಬೇಕು, ಇಲ್ಲವೇ ಉದ್ದ ಕಡಿಮೆ ಮಾಡಬೇಕು. 5 ಮೀಟರ್ ಕೊಟ್ಟೂ ಈ ಪಾಡು.

ರಾ ಸಿಲ್ಕ್ ಅಂತ ಕೊಡುವುದೆಲ್ಲ ರೇಷ್ಮೆ ಅಲ್ಲ, ಬಹಳಷ್ಟು ಪಾಲಿಯೆಸ್ಟರ್. ಅಂಚಿನಿಂದ ಉದ್ದಕ್ಕೆ ಒಂದು ಎಳೆ, ಅಡ್ಡಕ್ಕೆ ಒಂದು ಎಳೆ ತೆಗೆದು ಬೇರೆ ಬೇರೆಯಾಗಿ ಸುಡಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿ ಆಗುತ್ತದೆ. ಒಂದೇ ಎಳೆ ಸುಟ್ಟರೆ ಮೋಸ ಹೋಗಬಹುದು, ಯಾಕಂದ್ರೆ ಒಂದು ಕಡೆ ರೇಷ್ಮೆ, ಇನ್ನೊಂದು ಕಡೆ ಬೇರೆ ನೂಲು ಹಾಕಿ ನೇಯುವುದೂ ಉಂಟು. ರಿಸೆಪ್ಷನ್‌ನ ಮೂರು ಗಂಟೆಗೆ ಪಾಲಿಯೆಸ್ಟರ್ ಆದರೂ ನಡೆಯುತ್ತದೆ ಅನ್ನಿ, ರೇಷ್ಮೆ ಬೆಲೆ ಕೊಡದಿದ್ದರೆ ಸರಿ. ಹೋಮದ ಮುಂದೆ ಕೂರುವುದಕ್ಕೆ ಮಾತ್ರ ಬೇಡ, ಕಿಡಿ ಹಾರಿದರೆ ಕರಗಿ ಮೈಗೆ ಅಂಟುತ್ತದೆ.

ಉಳಿಸಿದ ದುಡ್ಡನ್ನು ಲೈನಿಂಗ್‌ಗೆ ಹಾಕಿ. ಒಳ್ಳೆ ಕಾಟನ್ ತಂದು, ರಾತ್ರಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಕತ್ತರಿಸಿ. ಮೊದಲು ಲೈನಿಂಗನ್ನೇ ಪೂರ್ತಿ ಹೊಲಿದು ಹಾಕಿಕೊಂಡು ನೋಡಿ. ಅಳತೆ ಸರಿಯಾದ ಮೇಲೆ ರೇಷ್ಮೆಗೆ ಕತ್ತರಿ ಇಡಿ.

"ಅಮ್ಮನ ಮೈಸೂರು ಸಿಲ್ಕ್ ಸೀರೆ ಕತ್ತರಿಸಬಹುದಾ?" ಇದು ಬಾಲದಂತೆ ಬರುವ ಪ್ರಶ್ನೆ. ಹಳೇ ಮಡಿಕೆ ಇರುವ ಜಾಗವನ್ನು ಎರಡು ಹೆಬ್ಬೆರಳಲ್ಲಿ ಮೆಲ್ಲಗೆ ಎಳೆಯಿರಿ. ಅಲ್ಲೇ ಬಿರುಕು ಬಿಟ್ಟರೆ ಆಸೆ ಬಿಡಿ. ಗಟ್ಟಿಯಿದ್ದರೂ ಕಲಿ ಬೇಡ, ಬಾರ್ಡರ್ ತುಂಡು ತುಂಡಾಗುತ್ತದೆ. ಸೀರೆಯನ್ನು ಅಡ್ಡಲಾಗಿ ಹಿಡಿದು ಸೊಂಟಕ್ಕೆ ನೆರಿಗೆ ಕೊಡಿ. ಐದೂವರೆ ಮೀಟರ್ ಬಾರ್ಡರ್ ಪೂರ್ತಿ ಕಾಲಿನ ಸುತ್ತ ಬರುತ್ತದೆ. ಮೈಸೂರು ಕ್ರೇಪ್ ತೆಳು, ಮೆತ್ತಗೆ ಬೀಳುತ್ತದೆ, ಆದ್ದರಿಂದ ಅಷ್ಟು ನೆರಿಗೆ ಇದ್ದರೂ ಸೊಂಟ ದಪ್ಪ ಕಾಣುವುದಿಲ್ಲ. ಕತ್ತರಿಸುವ ಮುಂಚೆ ಅಮ್ಮನನ್ನು ಕೇಳಿದ್ದೀರಿ, ಅಲ್ವಾ?