ಮೂರನೆಯ ಪಾಲು

"ಉಮ್ಮಾ, ನಮ್ಮ ಮೂರನೇ ಪಾಲು ಯಾರಿಗೆ?" ಪೆರ್ನಾಲ್, ಅಂದರೆ ಬಕ್ರೀದ್ ಹಬ್ಬದ ನಮಾಝ್ ಮುಗಿಸಿ ಕಾರು ಹತ್ತುವಾಗ ಮಗಳು ಕೇಳಿದಳು. ಜೂನ್ ತಿಂಗಳ ಮೆಲ್ಬರ್ನ್, ಎಂಟು ಗಂಟೆ ದಾಟಿದರೂ ಮಾತಾಡಿದರೆ ಬಾಯಿಂದ ಹೊಗೆ. ಮದರಸದಲ್ಲಿ ಕುರ್ಬಾನಿ, ಅಂದರೆ ಬಲಿ ಕೊಟ್ಟ ಪ್ರಾಣಿಯ ಮಾಂಸದ ಪಾಲಿನ ಲೆಕ್ಕ ಕಲಿತು ಬಂದಿದ್ದಾಳೆ: ಒಂದು ಮನೆಗೆ, ಎರಡನೆಯದು ನೆಂಟರು ನೆರೆಯವರಿಗೆ, ಮೂರನೆಯದು ಇಲ್ಲದವರಿಗೆ. ಕುರ್ಬಾನಿಯ ದುಡ್ಡು ಊರಿಗೆ ಕಳಿಸಿದ್ದೇವೆ, ಅಲ್ಲಿ ನಾಳೆ ಪೆರ್ನಾಲ್, ಅಜ್ಜಿ ಹಂಚ್ತಾರೆ ಅಂದೆ. "ಮತ್ತೆ ನಾವು ಯಾರ ಮನೆಗೆ ಹೋಗೋದು?" ಅಂದಳು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಇಲ್ಲಿ ಕುರ್ಬಾನಿ ಅಂದರೆ ಕಸಾಯಿಖಾನೆಯಲ್ಲೇ ಆಗಬೇಕು. ಅಂಗಡಿಯವರ ಮೂಲಕ ಕೊಟ್ಟರೂ ಮಾಂಸ ಅವತ್ತೇ ಕೈಗೆ ಸಿಗುವ ಭರವಸೆ ಇಲ್ಲ. ಹಾಗಾಗಿ ಹಬ್ಬದ ಅಡುಗೆಗೆ ಹಲಾಲ್ ಅಂಗಡಿಯಿಂದ ಮೊದಲೇ ಬೀಫ್ ತಂದಿಟ್ಟಿದ್ದೆ. ಎಲುಬು ಸಮೇತ ಮೊಣಕಾಲ ಕೆಳಗಿನ ಭಾಗ. ನರವೇ ಜಾಸ್ತಿ ಇರುವ, ಅವಸರದವರಿಗೆ ಆಗದ ಮಾಂಸ ಅದು. ಮೂರು ಗಂಟೆ ಸಣ್ಣ ಉರಿಯಲ್ಲಿ ಇಟ್ಟರೆ ಆ ನರವೆಲ್ಲ ಕರಗಿ ಸಾರಿಗೆ ಇಳಿಯುತ್ತದೆ, ಬೆರಳಿಗೆ ಅಂಟುವಷ್ಟು. ಪೆರ್ನಾಲ್ ದಿನ ಉಮ್ಮ ಕುಕ್ಕರ್ ಮುಟ್ಟಿದವರಲ್ಲ. ನಾನೂ ಮುಟ್ಟುವುದಿಲ್ಲ.

ಆದರೆ ಅಷ್ಟು ದೊಡ್ಡ ಪಾತ್ರೆ ನನ್ನಲ್ಲಿಲ್ಲ. ಪಿಂಡಿ (ಅಕ್ಕಿ ಹಿಟ್ಟಿನ ಸಣ್ಣ ಉಂಡೆ) ಬೇರೆ ಹಾಕಬೇಕು, ಎರ್ಚಿ (ಮಾಂಸ) ಜೊತೆ ಅದಕ್ಕೂ ಜಾಗ ಬೇಕಲ್ಲ. ಕೊಟ್ಟವರು ಬೇಲಿಯಾಚೆಯ ಗ್ರೀಕ್ ಅಜ್ಜಿ. ಓಕ್ಲಿಯ ನಮ್ಮ ಬೀದಿಯಲ್ಲಿ ಅವರದ್ದೇ ಹಳೇ ಮನೆ. 1960ರ ದಶಕದಲ್ಲಿ 'ಪ್ಯಾಟ್ರಿಸ್' ಹಡಗಿನಲ್ಲಿ ಬಂದವರು. ಎರಡು ಕೈಯಲ್ಲೂ ಎತ್ತಲಾಗದ ದಪ್ಪ ತಳದ ಪಾತ್ರೆಯನ್ನು ಮಗನ ಕೈಯಲ್ಲಿ ಹೊರಿಸಿ ತಂದರು. ಒಳಗೆ ಅವರ ಹಿತ್ತಲಿನ ಬೇ ಎಲೆ ನಾಲ್ಕು. ಅವರೂ ಬೀಫನ್ನು ಸಣ್ಣ ಈರುಳ್ಳಿ, ಚಕ್ಕೆ, ವಿನೆಗರ್ ಹಾಕಿ ಮಧ್ಯಾಹ್ನ ಪೂರ್ತಿ ಬೇಯಿಸುತ್ತಾರಂತೆ. ಚಕ್ಕೆ ವಾಸನೆಗೆ ನಿಂತೇ ಬಿಟ್ಟರು. ಅವರಮ್ಮ ತೀರಿಕೊಂಡ ಸುದ್ದಿ ಕಾಗದದಲ್ಲಿ ಬಂತಂತೆ, ಮಣ್ಣಾಗಿ ವಾರಗಳಾದ ಮೇಲೆ. ಅಷ್ಟು ಹೇಳಿ, ಮುಚ್ಚಳ ತೆಗೆದು ನೋಡಿ, ನೀರು ಸಾಲದು ಅಂದರು.

ತೆಂಗಿನಕಾಯಿ ಹುರಿಯುವಾಗ ಕೈ ಕೆಲಸದಲ್ಲಿತ್ತು, ಮನಸ್ಸು ಮಂಗಳೂರಿನ ಪಕ್ಕದ ನಮ್ಮೂರು ಉಳ್ಳಾಲದಲ್ಲಿ. ಅಲ್ಲಿ ಈಗ ಮಳೆ. ಬಕ್ರೀದ್ ಮಳೆಗಾಲಕ್ಕೆ ಬಂದ ವರ್ಷಗಳಲ್ಲಿ ಪಾಲು ಹಂಚುವುದು ನನ್ನ ಮತ್ತು ತಮ್ಮನ ಕೆಲಸ. ಒಂದು ಕೊಡೆ, ಇಬ್ಬರು, ಬಾಳೆ ಎಲೆಯಲ್ಲಿ ಕಟ್ಟಿದ ಪೊಟ್ಟಣಗಳು. ಯಾರ ಮನೆಗೆ ಎಲುಬಿನದು, ಹಲ್ಲಿಲ್ಲದ ಯಾವ ಅಜ್ಜಿಗೆ ಮೆತ್ತಗಿನದು, ಎಲ್ಲ ಉಮ್ಮನ ಬಾಯಿಪಾಠ. ಪಕ್ಕದ ಭಟ್ಟರ ಮನೆಗೆ ಬಾಳೆಗೊನೆ ಹೋಗುತ್ತಿತ್ತು, ಅಲ್ಲಿಂದ ಬರುವಾಗ ಕೈಯಲ್ಲಿ ಹಲಸಿನ ಹಪ್ಪಳ. ಕೊನೆಗೆ ಹೋಗುವುದು ತೋಡಿನಾಚೆಯ ಬೀಡಿ ಕಟ್ಟುವ ಹೆಂಗಸಿನ ಮನೆಗೆ. ಅವರು ಒಳಗೆ ಕರೆದು, ಕೂರಿಸಿ, ಚಹಾ ಕೊಡದೆ ಬಿಡುತ್ತಿರಲಿಲ್ಲ. ಇಲ್ಲದವರು ಅಂದರೆ ಅವರು ಅಂತ ನಮಗೆ ಆಗ ಗೊತ್ತೇ ಇರಲಿಲ್ಲ, ಉಮ್ಮ ಹೇಳಿರಲೂ ಇಲ್ಲ.

2021ರಲ್ಲಿ ಕರ್ನಾಟಕದ ಜಾನುವಾರು ಹತ್ಯೆ ತಡೆ ಕಾಯ್ದೆ ಜಾರಿಯಾದ ಮೇಲೆ ನಮ್ಮ ಮನೆಯಲ್ಲಿ ಕುರ್ಬಾನಿಗೆ ಆಡೇ. ಪಾಲು ಸಣ್ಣದಾಯಿತು ಅಂತ ಉಮ್ಮನಿಗೆ ಬೇಸರ. ತಮ್ಮ ಈಗ ಸೌದಿಯ ದಮಾಮ್‌ನಲ್ಲಿ, ನಾನು ಇಲ್ಲಿ. ಪಿಂಡಿ ಒತ್ತುತ್ತಾ ಸ್ಪೀಕರ್‌ನಲ್ಲಿ ಉಮ್ಮನಿಗೆ ಫೋನ್ ಮಾಡಿದೆ. ನಾಳೆಗೆ ಏನೇನು ಅಂತ ಕೇಳಿದೆ. ಗಂಟು ನೋವು, ದೊಡ್ಡ ಅಡುಗೆ ಇಲ್ಲ ಮೋಳೆ (ಮಗಳೇ) ಅಂದರು. ಪಾಲು ಹಂಚಲು ಪಳ್ಳಿಯ (ಮಸೀದಿಯ) ಹುಡುಗರಿಗೆ ಹೇಳಿದ್ದಾರಂತೆ. "ಅವರಿಗೆ ಮನೆ ಗೊತ್ತು, ಯಾರಿಗೆ ಮೆತ್ತಗಿನದು ಅಂತ ಗೊತ್ತಿಲ್ಲ."

ಗ್ರೀಕ್ ಅಜ್ಜಿಗೆ ಒಂದು ಪಾತ್ರೆ ತುಂಬ ಕೊಟ್ಟು ಬಾ ಅಂತ ಮಗಳನ್ನು ಕಳಿಸಿದೆ. ಮೂರನೇ ಪಾಲು ಅಂದುಕೊಂಡು ಕುಣಿಯುತ್ತಾ ಹೋದಳು. ಅದು ಎರಡನೆಯದು ಅಂತ ನಾನು ತಿದ್ದಲಿಲ್ಲ.

ಮುಂದಿನ ಪೆರ್ನಾಲ್‌ಗೆ ಬರುತ್ತೇವೆ ಅಂದೆ ಉಮ್ಮನಿಗೆ. ಪ್ರತಿ ವರ್ಷ ಹೇಳುವ ಮಾತು. ಅವರೂ ಪ್ರತಿ ವರ್ಷದ ಹಾಗೆ, "ಇನ್ಶಾ ಅಲ್ಲಾಹ್. ಮಗುವಿನ ಶಾಲೆ ತಪ್ಪಿಸಬೇಡ" ಅಂದರು.